ಇಲ್ಲೇಸ್ವಲ್ಪ ಮಹಾನಗರದ ಪ್ರಾರಂಭೋತ್ಸವ

ಬಹಳ ಹಿಂದೆ, ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವುದು ಅಪಶಕುನವೆಂದು ನಂಬಿದ್ದ ಒಂದು ರಾಜ್ಯವಿತ್ತು. ಅದರ ಹೆಸರು ಪಥಾವತಿ. ಹಾಗೆ ಕೇಳಿದರೆ ಹೊರಟ ಕೆಲಸ ಕೆಡುತ್ತದೆ ಎಂದು ಅಲ್ಲಿಯ ಜನ ತಿಳಿದಿದ್ದರು. ಕೇಳದೆ ಇರಲಾರದ ನೆರೆಯವರು ‘ಏನು, ಸವಾರಿ ದೂರಾನೋ?’ ಎನ್ನುತ್ತಿದ್ದರು. ಹೊರಟವರು ‘ಇಲ್ಲೇ ಸ್ವಲ್ಪ’ ಎನ್ನುತ್ತಿದ್ದರು. ಕೇಳಿದವರಿಗೆ ಉತ್ತರ ಸಿಕ್ಕಂತಾಯಿತು, ಹೇಳಿದವರ ಗುಟ್ಟು ಉಳಿದಂತಾಯಿತು. ‘ಹೋಗುತ್ತೇನೆ’ ಎಂಬ ಮಾತನ್ನಂತೂ ಯಾರೂ ಬಾಯಿಂದ ಆಚೆ ಬಿಡುತ್ತಿರಲಿಲ್ಲ; ಹೊಸಿಲು ದಾಟುವಾಗ ಎಲ್ಲರೂ ‘ಬರ್ತೀನಿ’ ಎನ್ನುವವರೇ. ಇಷ್ಟೇ ಆ ರಾಜ್ಯದ ಸಮಸ್ತ ಗೋಪ್ಯತಾ ನೀತಿ. ಅದಕ್ಕೆ ಸಹಿ ಬೇಕಿರಲಿಲ್ಲ, ಸಣ್ಣ ಅಕ್ಷರದ ಷರತ್ತುಗಳೂ ಇರಲಿಲ್ಲ.

ಈ ಏರ್ಪಾಟಿನಿಂದ ದುಃಖಿತರಾಗಿದ್ದವರು ಇಬ್ಬರೇ. ಒಬ್ಬರು, ದಿಗಂತವಿಶ್ರಾಂತಕೀರ್ತಿ, ರಾಜಮಾರ್ತಾಂಡ, ಕುತೂಹಲಸೇನ ಮಹಾರಾಜರು. ಪ್ರಜೆಯ ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ಅರಮನೆಯಲ್ಲಿ ಕಿವಿ ನಿಮಿರಿಸುವ ದೊಡ್ಡ ಮನಸ್ಸು ಅವರದು. ಇನ್ನೊಬ್ಬರು ಸುಗಮ ಸವಾರಿ ಸಂಸ್ಥೆಯ ಒಡೆಯ ಸುಗಮನಿಧಿ. ಒಂದು ದಿನ ಆತ ಹಣ್ಣಿನ ತಟ್ಟೆ ಹಿಡಿದು ಆಸ್ಥಾನಕ್ಕೆ ಬಂದ.

“ಪ್ರಭೂ, ಮನೆಯಲ್ಲಿ ಕುಳಿತ ಪ್ರಜೆ ಏನನ್ನೂ ಹೇಳುವುದಿಲ್ಲ. ಹೊರಟ ಪ್ರಜೆ ಎಲ್ಲವನ್ನೂ ಹೇಳುತ್ತಾನೆ. ಯಾರ ಜೊತೆ ಹೊರಟ, ಯಾರಿಗೆ ಹೇಳದೆ ಹೊರಟ, ದಾರಿಯಲ್ಲಿ ಏನು ತಿಂದ, ಯಾವ ತಿರುವಿನಲ್ಲಿ ನಿಟ್ಟುಸಿರು ಬಿಟ್ಟ! ರಾಜ್ಯದ ಬಂಡಿ, ಪಲ್ಲಕ್ಕಿ, ದೋಣಿಗಳನ್ನೆಲ್ಲ ನನ್ನ ವಶಕ್ಕೆ ಕೊಡಿ.”

“ಅದರಿಂದ ನಿಮಗೇನು ಲಾಭ?” ಎಂದರು ಮಹಾರಾಜರು.

“ಗ್ರಾಹಕರ ಅನುಭವವನ್ನು ಉತ್ತಮಗೊಳಿಸುವ ಭಾಗ್ಯ, ಪ್ರಭೂ.”

ಆಸ್ಥಾನ ಕಣ್ಣೊರೆಸಿಕೊಂಡಿತು. ಬಂಡಿಗಳು ಕೈ ಬದಲಾದವು.

ರಾಜಧಾನಿಯ ಹೂವಿನ ಬೀದಿಯಲ್ಲಿ ಹೊಂಬಾಳಮ್ಮ ಎಂಬ ಗೃಹಿಣಿಯಿದ್ದಳು. ಬೀಗ ಹಾಕಿದ ಮೇಲೆ ಮತ್ತೆ ಬಂದು ಎಳೆದು ನೋಡುವ, ಮಾತಾಡುವ ಮೊದಲು ಮಾತನ್ನು ಒಳಗೇ ಒಮ್ಮೆ ಹೇಳಿಕೊಂಡು ನೋಡುವ ಸ್ವಭಾವದವಳು. ಅವಳ ತಂಗಿ ಚೆಲುವಾಜಿ ತೊಗಲುಗೊಂಬೆ ಆಡಿಸುವವನೊಬ್ಬನನ್ನು ಮೆಚ್ಚಿ ಮದುವೆಯಾಗಿ ಬಿದಿರುಕಟ್ಟೆ ಎಂಬ ಹಳ್ಳಿ ಸೇರಿದ್ದಳು. “ಅವಳ ಹೆಸರು ಈ ಮನೆಯೊಳಗೆ ಬಂದ್ರೆ ನಾನು ಹೊರಗೆ” ಎಂದು ಹೊಂಬಾಳಮ್ಮನ ಅತ್ತೆ ಮರಿಗೌರಮ್ಮ ಆಗಲೇ ಸಾರಿದ್ದರು. ಅಂದಿನಿಂದ ಹೊಂಬಾಳಮ್ಮ ತಂಗಿಯನ್ನು ನೋಡಲು ಹೊರಟಾಗಲೆಲ್ಲ ‘ಇಲ್ಲೇ ಸ್ವಲ್ಪ’ ಎನ್ನುವಳು. ಅತ್ತೆ ‘ಹುಷಾರು’ ಎನ್ನುವರು. ಈಗ ಚೆಲುವಾಜಿ ಚೊಚ್ಚಲ ಬಸುರಿ. ತಾಯಿಯಿಲ್ಲದ ಹುಡುಗಿ. “ನೋವು ಶುರುವಾಗೋ ಹೊತ್ತಿಗೆ ನಿನ್ನ ತಲೆದೆಸೇಲಿ ನಾನಿರ್ತೀನಿ” ಎಂದು ಅಕ್ಕ ಅವಳಿಗೆ ಮಾತು ಕೊಟ್ಟಿದ್ದಳು.

ಬಂಡಿಗಳು ಸುಗಮನಿಧಿಯ ಪಾಲಾದ ಹೊಸದರಲ್ಲಿ ಹೊಂಬಾಳಮ್ಮ ಒಂದು ಗಂಟು ಹಿಡಿದು ಬಂಡಿಕಟ್ಟೆಗೆ ಹೋದಳು. ಹಸಿರು ರುಮಾಲಿನ ಗುಮಾಸ್ತನೊಬ್ಬ ನಗುತ್ತ ಕೇಳಿದ:

“ಎಲ್ಲಿಗಮ್ಮ?”

ಅವಳು ಗಂಟನ್ನು ಎದೆಗೆ ಅವಚಿಕೊಂಡಳು. “ಹೊರಡೋ ಹೊತ್ನಲ್ಲಿ ಹಾಗೆ ಕೇಳ್ತಾರೇನಣ್ಣ?”

“ನಾನೆಲ್ಲಿ ಕೇಳ್ದೆ ತಾಯಿ? ಸಿಸ್ಟಮ್ ಕೇಳ್ತಿದೆ.”

“ಇಲ್ಲೇ ಸ್ವಲ್ಪ.”

ಅವನು ಎರಡು ಪದಗಳನ್ನೂ ಸೇರಿಸಿ ಬರೆದುಕೊಂಡ: ಇಲ್ಲೇಸ್ವಲ್ಪ.

“ಯಾಕೆ ಹೋಗ್ತಿದೀರಿ?”

“ಸುಮ್ನೆ.”

ಅದನ್ನೂ ಬರೆದುಕೊಂಡ. ಆಮೇಲೆ ಸುರಕ್ಷತೆಯ ದೃಷ್ಟಿಯಿಂದ ಗಂಟು ಬಿಚ್ಚಿಸಿದ. ಅಂಟಿನುಂಡೆ, ಒಣಶುಂಠಿ, ಹಳೆಯ ಸೀರೆಯಲ್ಲಿ ಹೊಲಿದ ಪುಟ್ಟ ಕುಲಾವಿ.

“ಯಾರಿಗೆ? ಎಷ್ಟು ತಿಂಗಳು?”

ಹೊಂಬಾಳಮ್ಮ ಉತ್ತರಿಸಲಿಲ್ಲ. ಅವಳು ಉತ್ತರಿಸದೆ ಇದ್ದುದನ್ನೂ ಅವನು ಬರೆದುಕೊಂಡ. ಕೊನೆಗೆ ಉದ್ದನೆಯ ಷರತ್ತುಗಳನ್ನು ರಾಗವಾಗಿ ಓದತೊಡಗಿದ. ಯಾರಾದರೂ ಏನಾದರೂ ಹೇಳುತ್ತಿದ್ದರೆ ನಡುನಡುವೆ ‘ಹೂಂ’ ಎನ್ನದೆ ಸುಮ್ಮನೆ ನಿಲ್ಲುವುದು ಪಥಾವತಿಯಲ್ಲಿ ಅಹಂಕಾರದ ಲಕ್ಷಣ. ಆದ್ದರಿಂದ ಹೊಂಬಾಳಮ್ಮ ಹೂಂ, ಹೂಂ ಎನ್ನುತ್ತ ಕೇಳಿಸಿಕೊಂಡಳು. ಓದುಗರೇ, ಈ ಕಥೆಗೆ ನೀವೂ ಅಲ್ಲಲ್ಲಿ ಹೂಂಗುಟ್ಟಿರಬಹುದು. ಗಾಬರಿಯಾಗಬೇಡಿ, ಇಲ್ಲಿ ಯಾರೂ ಬರೆದುಕೊಳ್ಳುತ್ತಿಲ್ಲ.

ಬಂಡಿ ಹತ್ತಿದ ಮೇಲೆ ಬಂಡಿಯವನ ಕಿವಿಯಲ್ಲಿ ಮಾತ್ರ ಊರಿನ ಹೆಸರು ಉಸಿರುವುದು ಹಳೆಯ ರೂಢಿ. ಹೊಂಬಾಳಮ್ಮ ಹಾಗೆಯೇ ಮಾಡಿದಳು. ಬಂಡಿಯವನ ಕಿವಿಗಳು ಈಗ ಸಂಸ್ಥೆಯ ಮಾರಾಟ ವಿಭಾಗಕ್ಕೆ ಸೇರಿದ್ದವೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಅವಳು ಹಿಂದಿರುಗಿ ಕೆಲವು ದಿನ ಕಳೆದ ಮೇಲೆ. ಮರಿಗೌರಮ್ಮ ಜಗಲಿಯಲ್ಲಿ ಕುಳಿತು ಹತ್ತಿ ಹೊಸೆದು ಬತ್ತಿ ಮಾಡುತ್ತಿದ್ದರು. ಬೀದಿಯ ತುದಿಯಿಂದ ಡೋಲಿನ ಸದ್ದು ಬಂತು, ಮನೆಯೆದುರೇ ನಿಂತಿತು.

“ಮಾನ್ಯ ಗ್ರಾಹಕರಾದ ಹೊಂಬಾಳಮ್ಮನವರೇ! ತಮ್ಮ ತಂಗಿ, ಬಿದಿರುಕಟ್ಟೆಯ ಸೌಭಾಗ್ಯವತಿ ಚೆಲುವಾಜಮ್ಮನವರಿಗೆ ಎಂಟು ತುಂಬಿದ್ದಕ್ಕೆ ಸುಗಮ ಸಂಸ್ಥೆಯ ಹಾರ್ದಿಕ ಅಭಿನಂದನೆ! ನಮ್ಮ ನಂಬಿಕಸ್ಥ ಪಾಲುದಾರರ ಬಾಣಂತಿ ಲೇಹ್ಯ, ಒಂದು ಕೊಂಡರೆ ಒಂದು ಉಚಿತ! ಆಫರ್ ಅಮಾವಾಸ್ಯೆಯವರೆಗೆ ಮಾತ್ರ!”

ಕಿಟಕಿ ಕಿಟಕಿಯಲ್ಲೂ ಮುಖಗಳು ಮೂಡಿದವು. ಡೋಲು ಮುಂದಿನ ಮನೆಗೆ ಹೋಯಿತು. ಅಲ್ಲಿಯವರ ಮಗ ಗುಟ್ಟಾಗಿ ಮೂಲವ್ಯಾಧಿಯ ಪಂಡಿತರ ಊರಿಗೆ ಹೋಗಿಬಂದಿದ್ದ.

ಮರಿಗೌರಮ್ಮ ಬತ್ತಿಯನ್ನು ಕೆಳಗಿಟ್ಟರು. “ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯೇನೆ? ಗೊತ್ತಿಲ್ಲದ ಹಾಗೆ ಇದ್ದೆ. ಈಗ ಬೀದಿಗೆಲ್ಲ ಕೇಳೋ ಹಾಗೆ ಡೋಲು ಬಡಿದ್ಮೇಲೆ ಹ್ಯಾಗಿರ್ಲಿ, ಹೇಳು?”

“ಅತ್ತೆ, ಅವಳಿಗೆ ಯಾರೂ ಇಲ್ಲ...”

“ನನ್ನ ಮಾತೂ ನಾಲ್ಕು ಜನರ ಮುಂದೆ ಆಡಿದ್ದೇ ಕಣೆ. ಇನ್ನು ಆ ಕಡೆ ಕಾಲಿಟ್ರೆ ಅಲ್ಲೇ ಇದ್ಬಿಡು.”

ಇತ್ತ ಅರಮನೆಯಲ್ಲಿ ದತ್ತಾಂಶ ಮಹೋತ್ಸವ ನಡೆದಿತ್ತು. ಮಂತ್ರಿ ಅಂಕೇಶ್ವರ ಭಟ್ಟಾರಕರು ವರದಿ ಒಪ್ಪಿಸಿದರು: “ಪ್ರಭೂ, ಪ್ರಯಾಣಿಕರಲ್ಲಿ ನೂರಕ್ಕೆ ತೊಂಬತ್ತು ಮಂದಿ ಹೋಗಬಯಸುವುದು ಒಂದೇ ಊರಿಗೆ. ಇಲ್ಲೇಸ್ವಲ್ಪ. ಕಾರಣ ಕೇಳಿದರೆ ‘ಸುಮ್ನೆ’ ಎನ್ನುತ್ತಾರೆ. ಅಂದರೆ ಪ್ರೀತಿ ಅಕಾರಣವಾದದ್ದು.”

“ಇಲ್ಲೇಸ್ವಲ್ಪ ಎಲ್ಲಿದೆ?” ಎಂದರು ಮಹಾರಾಜರು.

ಗೊತ್ತಿಲ್ಲ ಎನ್ನುವ ಪದ್ಧತಿ ಆ ಆಸ್ಥಾನದಲ್ಲಿ ಇರಲಿಲ್ಲ. ಅಂಕೇಶ್ವರರು ಬೆವರುತ್ತ ಕಿಟಕಿಯತ್ತ ಕೈಯೆತ್ತಿದರು. “ಇಲ್ಲೇ... ಸ್ವಲ್ಪ...”

ಮಹಾರಾಜರು ಅತ್ತ ನೋಡಿದರು. ಮೂಡಲ ದಾರಿಯ ಪಕ್ಕದಲ್ಲಿ ಒಂದು ಬಂಜರು ಬಯಲು ಬಿಸಿಲಿಗೆ ಬಿದ್ದಿತ್ತು. “ನಮ್ಮ ಪ್ರಜೆಗಳು ಇಷ್ಟೊಂದು ಪ್ರೀತಿಸುವ ಊರಿಗೆ ಒಂದು ಮನೆಯೂ ಇಲ್ಲವೇ!” ಎಂದು ಮಮ್ಮಲ ಮರುಗಿದರು. ಕೂಡಲೇ ರಾಜಾಜ್ಞೆ ಹೊರಟಿತು: ಅಲ್ಲಿ ಮಹಾನಗರ ನಿರ್ಮಾಣವಾಗತಕ್ಕದ್ದು, ಖರ್ಚಿಗೆ ಮನೆಮನೆಯಿಂದ ಇಲ್ಲೇಸ್ವಲ್ಪ ಕಂದಾಯ ಎತ್ತತಕ್ಕದ್ದು, ಬೇಡಿಕೆಯಿಲ್ಲದ ಇತರ ಊರುಗಳ ಬಂಡಿಗಳನ್ನು ರದ್ದುಪಡಿಸತಕ್ಕದ್ದು.

ಬಿದಿರುಕಟ್ಟೆಗೆ ಬೇಡಿಕೆಯೇ ಇರಲಿಲ್ಲ. ಯಾರೂ ಅದರ ಹೆಸರು ಬರೆಸಿರಲಿಲ್ಲ, ಹೊಂಬಾಳಮ್ಮನೂ.

ಚೆಲುವಾಜಿಗೆ ದಿನ ತುಂಬಿತು. ಹೊಂಬಾಳಮ್ಮ ಅತ್ತೆಯ ಮಾತನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ತಂಗಿಗೆ ಕೊಟ್ಟ ಮಾತನ್ನು ಇನ್ನೊಂದರಲ್ಲೂ ಇಟ್ಟು ನೋಡಿ, ಗಂಟು ಕಟ್ಟಿಕೊಂಡು ಬಂಡಿಕಟ್ಟೆಗೆ ಬಂದಳು. ಅಲ್ಲಿದ್ದ ಬಂಡಿಗಳೆಲ್ಲ ಇಲ್ಲೇಸ್ವಲ್ಪದವೇ, ಅವೂ ಮರುದಿನ ಹೊರಡುವವು. ಬೇರೆ ದಾರಿ ಕಾಣದೆ ಅವಳು ನೇರ ಅರಮನೆಗೆ ಹೋಗಿ ಅಹವಾಲಿನ ಗಂಟೆ ಎಳೆದಳು.

“ಮಹಾಪ್ರಭು, ಇಲ್ಲೇ ಸ್ವಲ್ಪ ಅನ್ನೋದು ಊರಲ್ಲ. ಹೇಳೋಕೆ ಇಷ್ಟ ಇಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳೋ ಮಾತು.”

ಸಭೆಯಲ್ಲಿ ಯಾರೋ ಕೆಮ್ಮಿದರು. ಅಲ್ಲಿದ್ದ ಪ್ರತಿಯೊಬ್ಬ ಆಸ್ಥಾನಿಕನೂ ಅಂದು ಬೆಳಿಗ್ಗೆ ಹೆಂಡತಿಗೆ ಅದೇ ಮಾತು ಹೇಳಿ ಮನೆ ಬಿಟ್ಟಿದ್ದ.

ಅಂಕೇಶ್ವರರು ಮುಗುಳ್ನಕ್ಕರು. “ತಾಯಿ, ಒಬ್ಬರು ಹೇಳಿದರೆ ಅದು ಮಾತು. ಲಕ್ಷ ಜನ ಹೇಳಿದರೆ ಅದು ದತ್ತಾಂಶ.”

“ಆಹಾ!” ಎಂದರು ಮಹಾರಾಜರು. “ಇದನ್ನು ಕಲ್ಲಿನಲ್ಲಿ ಕೆತ್ತಿಸಿ.”

“ಅದು ಹೋಗ್ಲಿ. ನನ್ನ ತಂಗಿ ವಿಷಯಾನ ನಮ್ಮ ಬೀದೀಲಿ ಡೋಲು ಹೊಡೆದು ಹೇಳೋಕೆ ಇವರಿಗೆ ಅಪ್ಪಣೆ ಕೊಟ್ಟೋರು ಯಾರು?”

“ತಾವೇ,” ಎಂದ ಸುಗಮನಿಧಿ ವಿನಯದಿಂದ. ಹಸಿರು ರುಮಾಲಿನವನು ಮುಂದೆ ಬಂದು ಸಾಕ್ಷಿ ಹೇಳಿದ: “ಷರತ್ತಿನ ಒಂದೊಂದು ಸಾಲಿಗೂ ಈಯಮ್ಮ ಹೂಂ ಅಂದಿದಾರೆ ಪ್ರಭು.”

“ಹೂಂ ಅಂದ್ರೆ ಒಪ್ದೆ ಅಂತಲ್ಲ, ಕೇಳಿಸ್ಕೊಂಡೆ ಅಂತ! ಕತೆ ಹೇಳೋರಿಗೂ ಹೂಂ ಅಂತೀವಿ. ಹಾಗಂತ ಕತೇಲಿ ಬರೋ ರಾಕ್ಷಸನಿಗೆ ಮಗಳನ್ನ ಕೊಟ್ಟ ಹಾಗಾ?”

ಮಂತ್ರಿಗಳು ಮಗುವಿಗೆ ಹೇಳುವಂತೆ ವಿವರಿಸಿದರು. “ನೋಡಿ ತಾಯಿ, ಸಂಸ್ಥೆ ನಿಮ್ಮ ಬಗ್ಗೆ ತಿಳಿದುಕೊಳ್ಳುವುದು ನಿಮ್ಮ ಒಳ್ಳೆಯದಕ್ಕೆ. ತಿಳಿದದ್ದನ್ನು ನಾಲ್ಕು ಜನಕ್ಕೆ ಮಾರುವುದೂ ನಿಮ್ಮ ಒಳ್ಳೆಯದಕ್ಕೆ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಕೇಳಿಸಿತೇ?”

“ಹೂಂ,” ಎಂದುಬಿಟ್ಟಳು ಹೊಂಬಾಳಮ್ಮ. ಎಂದ ಮೇಲೆ ತುಟಿ ಕಚ್ಚಿಕೊಂಡಳು. ಹಸಿರು ರುಮಾಲಿನವನು ಆಗಲೇ ಬರೆದುಕೊಳ್ಳುತ್ತಿದ್ದ.

ಅಹವಾಲು ಇತ್ಯರ್ಥವಾಯಿತು. ಧೈರ್ಯವಾಗಿ ಅನಿಸಿಕೆ ಹಂಚಿಕೊಂಡದ್ದಕ್ಕಾಗಿ ಅವಳಿಗೆ ಮರುದಿನದ ನಗರ ಪ್ರಾರಂಭೋತ್ಸವಕ್ಕೆ ಉಚಿತ ಆಸನ ದೊರೆಯಿತು. ಅವಳು ಬೇಡವೆನ್ನಲಿಲ್ಲ. ಇಲ್ಲೇಸ್ವಲ್ಪ ಇದ್ದದ್ದು ಮೂಡಲ ದಾರಿಯಲ್ಲಿ; ಬಿದಿರುಕಟ್ಟೆಯೂ ಅದೇ ದಾರಿಯಲ್ಲಿ. ಅಷ್ಟು ದೂರ ಬಂಡಿ, ಉಳಿದದ್ದು ಕಾಲು.

ಇಲ್ಲೇಸ್ವಲ್ಪ ಮಹಾನಗರದಲ್ಲಿ ಒಂದು ಕಮಾನು, ಒಂದು ಸುಂಕದ ಕಟ್ಟೆ ಮತ್ತು ಮಹಾರಾಜರ ಒಂದು ಪ್ರತಿಮೆ ಇದ್ದವು. ಮನೆಗಳು ಎರಡನೆಯ ಹಂತದಲ್ಲಿ ಬರುವವಿದ್ದವು. ಬೇರೆ ಯಾವ ಊರಿಗೂ ಬಂಡಿಯಿಲ್ಲದ ಜನ ಅಲ್ಲಿ ಕಿಕ್ಕಿರಿದಿದ್ದರು: ಮದುವೆಗೆ ಹೊರಟವರು, ಸಾವಿಗೆ ಹೊರಟವರು, ಸಾಲ ತಪ್ಪಿಸಿಕೊಂಡು ಹೊರಟವರು. ಮಹಾರಾಜರು ಜನಸಾಗರವನ್ನು ಕಂಡು ಗದ್ಗದಿತರಾದರು. ಅಂಕೇಶ್ವರರು ಅವರ ತಲೆಯ ಮೇಲೆ ಎರಡನೆಯ ಕಿರೀಟವನ್ನಿಟ್ಟು ‘ಇಲ್ಲೇಸ್ವಲ್ಪಾಧೀಶ್ವರ’ ಎಂದು ಘೋಷಿಸಿದರು.

ಜಯಕಾರದ ನಡುವೆ ಡೋಲಿನವನು ಹೊಂಬಾಳಮ್ಮನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಪಾರಿವಾಳ ತಂದ ಚೀಟಿಯಿತ್ತು.

“ದೊಡ್ಡಮ್ಮ ಆದ್ರಿ ತಾಯಿ, ಅಭಿನಂದನೆ! ಹೆಣ್ಣುಮಗು. ತೊಟ್ಟಿಲಿಗೆ ವಿಶೇಷ ಡಿಸ್ಕೌಂಟ್ ಇದೆ.”

ಹೊಂಬಾಳಮ್ಮ ಅವನ ತೋಳು ಹಿಡಿದುಕೊಂಡಳು. “ನನ್ನ ತಂಗಿ? ತಂಗಿ ಹ್ಯಾಗಿದಾಳಪ್ಪ?”

ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಅದು ಇದ್ರಲ್ಲಿಲ್ಲಮ್ಮ. ನಾನು ತೊಟ್ಟಿಲ ವಿಭಾಗ.”

ಅವಳು ಕಮಾನಿನತ್ತ ಓಡಿದಳು. ಸುಂಕದ ಕಟ್ಟೆಯವನು ಕೋಲು ಅಡ್ಡ ಹಿಡಿದ. “ಎಲ್ಲಿಗೆ?”

ಜೀವಮಾನದಲ್ಲಿ ಮೊದಲ ಬಾರಿಗೆ ಹೊಂಬಾಳಮ್ಮ ಆ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟಳು. “ಬಿದಿರುಕಟ್ಟೆಗೆ. ನನ್ನ ತಂಗಿ ಉಳಿದಿದಾಳೋ ಇಲ್ಲವೋ ನೋಡೋಕೆ.”

ಅವನು ಹಲಗೆಯ ಮೇಲೆ ಬೆರಳಾಡಿಸಿದ. “ಬಿದಿರುಕಟ್ಟೆ ರದ್ದಾಗಿದೆಯಲ್ಲಮ್ಮ. ಇದ್ರಲ್ಲಿ ಒಂದೇ ಊರಿರೋದು.” ಹೀಗೆಂದು ಬರೆದುಕೊಂಡ: ಇಲ್ಲೇಸ್ವಲ್ಪ.

ಅವಳು ಕೋಲಿನ ಕೆಳಗೆ ನುಸುಳುತ್ತ, ಅಭ್ಯಾಸಬಲದಿಂದ “ಬರ್ತೀನಿ” ಎಂದಳು. ಬರುವವರಿಗೆ ಪ್ರವೇಶ ಸುಂಕವಿತ್ತು. ಕಟ್ಟೆಯವನು ಅದನ್ನು ಕಿತ್ತುಕೊಂಡ. ಅಂದು ಆ ಬಯಲನ್ನು ಬಿಟ್ಟು ಹೊರಟ ಪ್ರತಿಯೊಬ್ಬರೂ ‘ಬರ್ತೀನಿ’ ಎಂದೇ ಹೊರಟರು. ಪ್ರತಿಯೊಬ್ಬರೂ ಸುಂಕ ತೆತ್ತರು. ಇಲ್ಲೇಸ್ವಲ್ಪಕ್ಕೆ ಬರುವವರೇ ಎಲ್ಲ, ಬಿಟ್ಟು ಹೋಗುವವರು ಒಬ್ಬರೂ ಇಲ್ಲ ಎಂಬ ವರದಿ ಅರಮನೆ ಮುಟ್ಟಿತು. ನಗರವನ್ನು ವಿಸ್ತರಿಸಲು ಕಂದಾಯ ಹೆಚ್ಚಿತು.

ದೀಪ ಹಚ್ಚುವ ಹೊತ್ತಿಗೆ ಹೊಂಬಾಳಮ್ಮ ಬಿದಿರುಕಟ್ಟೆ ಸೇರಿದಳು. ಚೆಲುವಾಜಿ ಗೋಡೆಗೆ ಒರಗಿದ್ದಳು, ಬಿಳಿಚಿಕೊಂಡಿದ್ದಳು, ಬದುಕಿದ್ದಳು. ಅವಳ ಗಂಡ ಆಗಷ್ಟೇ ಪಕ್ಕದೂರಿನಿಂದ ಸೂಲಗಿತ್ತಿಯನ್ನು ನಡೆಸಿಕೊಂಡು ಬಂದು, ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದ.

“ಈಗ ಬಂದ್ಯಾ ಅಕ್ಕಾ?”

“ಆ ಹೊತ್ನಲ್ಲಿ ಯಾರಿದ್ರೇ ನಿನ್ ಹತ್ರ?”

“ಯಾರೂ ಇರ್ಲಿಲ್ಲ. ಸೂಲಗಿತ್ತಿ ಕರ್ಕೊಂಡ್ಬರೋಕೆ ಬಂಡಿ ಸಿಗ್ಲಿಲ್ಲ.” ಚೆಲುವಾಜಿ ಸುಧಾರಿಸಿಕೊಂಡು ಹೇಳಿದಳು: “ಸುಗಮದೋರು ಒಬ್ರಿದ್ರು, ಬಾಗಿಲಾಚೆ. ನಾನು ಕೂಗಿದ್ದು, ಮಗು ಅತ್ತಿದ್ದು, ಎಲ್ಲಾ ಬರ್ಕೊಂಡ್ರು. ಒಂದು ಲೋಟ ನೀರು ಕೊಡಿ ಅಂದೆ. ಅದನ್ನೂ ಬರ್ಕೊಂಡ್ರು.”

ಬಾಗಿಲಾಚೆ ಇದ್ದವನು ತನ್ನ ಸುದ್ದಿ ಬಂದದ್ದು ಕೇಳಿ ಒಳಗೆ ಬಂದ. ಅವನ ತಲೆಯ ಮೇಲೂ ಹಸಿರು ರುಮಾಲು. ಹೊಸದಾಗಿ ರಾಜ್ಯಕ್ಕೆ ಬಂದ ಪ್ರಯಾಣಿಕರಿಗೆ ಷರತ್ತು ಓದಿ ಹೇಳಬೇಕೆಂಬ ನಿಯಮವಿದೆ ಎಂದು ಕೈಮುಗಿದು, ಮಗುವಿನ ಪಕ್ಕದಲ್ಲಿ ಮಂಡಿಯೂರಿ ಕುಳಿತು, ರಾಗವಾಗಿ ಓದತೊಡಗಿದ. ರಾಗ ಇಂಪಾಗಿತ್ತು. ಮಗು ಕಣ್ಣು ಅರೆತೆರೆದು ಆಲಿಸಿತು. ಆಮೇಲೆ ಹಾಲಿಗಾಗಿಯೋ ಚಳಿಗಾಗಿಯೋ ತುಟಿಯನ್ನು ಒಂದಿಷ್ಟು ಮುಂದೆ ಮಾಡಿತು.

“ಹೂಂ.”

ಹೊಂಬಾಳಮ್ಮ ಅದರ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವನು ಬರೆದುಕೊಂಡಾಗಿತ್ತು.