ಹನ್ನೆರಡು ಚೀಲ ಅಣಬೆ

ಗೆಳೆಯ ಅಂಜಿನಯ್ಯ ಸತ್ತು ಹತ್ತು ದಿನವಾಗಿದ್ದರೂ ಜಗನ್ನಾಥನಿಗೆ ಕೂತು ಅಳಲು ಪುರುಸೊತ್ತಾಗಿರಲಿಲ್ಲ. ದಿನಕ್ಕೆ ಮೂರು ಸಲ ಅಣಬೆಗೆ ನೀರು ಚಿಮುಕಿಸಬೇಕಿತ್ತು.

ಬಿನ್ನಿಪೇಟೆಯ ಗಿರಣಿ ಮುಚ್ಚಿದಾಗ ಜೊತೆಗೇ ಕೆಲಸ ಕಳೆದುಕೊಂಡವರು ಅವನೂ ಅಂಜಿನಯ್ಯನೂ. ಕೃಷಿ ಮೇಳಕ್ಕೆ ಹೋಗಿಬಂದ ಅಂಜಿನಯ್ಯ ಚಂದ್ರಾ ಲೇಔಟಿನ ಮನೆಯ ಬಚ್ಚಲಲ್ಲಿ ಅಣಬೆ ಬೆಳೆಯಲು ಒಣಹುಲ್ಲಿನ ಚೀಲ ನೇತುಹಾಕಿ ಮಹೋದ್ಯಮಿಯಾದ. (ಗಿರಾಕಿಗಳು ಕೊನೆಯವರೆಗೂ ನಾಲ್ಕೇ ಜನ.) "ತರಕಾರಿ ರೇಟು ಆಕಾಶಕ್ಕೆ ಹೋಗ್ಲಿ ಕಣೋ ಜಗ್ಗ, ನಮ್ಮೆರಡು ಮನೆ ಒಲೆ ಆರಲ್ಲ" ಎನ್ನುತ್ತಿದ್ದ. ಪ್ರತಿ ಭಾನುವಾರ ಒಂದು ಡಬ್ಬಿ ಅಣಬೆ ತಪ್ಪದೆ ತಂದುಕೊಡುತ್ತಿದ್ದ.

ಮಣ್ಣು ಮಾಡಿದ ಮರುದಿನವೇ ಜಗನ್ನಾಥ ಹನ್ನೆರಡು ಚೀಲಗಳನ್ನೂ ಆಟೋದಲ್ಲಿ ಹೇರಿಕೊಂಡು, ಮೆಟ್ರೋಗೆಂದು ಅಗೆದಿದ್ದ ರಸ್ತೆ ದಾಟಿಸಿ, ವಿಜಯನಗರದ ತನ್ನ ಬಚ್ಚಲಿಗೆ ತುಂಬಿದ.

"ರೀ, ನಾವು ಸ್ನಾನ ಎಲ್ಲಿ ಮಾಡೋದು?" ಎಂದಳು ಹೆಂಡತಿ ರಾಮಕ್ಕ.

"ಸಂದೀಲಿ ನುಸುಳ್ಕೊಂಡು ಮಾಡೇ. ಅವನ ಉಸಿರಿದೆ ಅದರಲ್ಲಿ."

"ಉಸಿರಲ್ಲ, ವಾಸನೆ ಇದೆ." ಹಾಗೆಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹನ್ನೊಂದನೇ ದಿನದ ತಿಥಿಗೆ ಜಗನ್ನಾಥ ತಾನೇ ಅಣಬೆ ಸಾರು ಮಾಡಿ ಒಯ್ದ. ತಾರಸಿಯ ಮೇಲೆ ಎಡೆ ಇಟ್ಟರು: ಮುದ್ದೆ, ಹುರುಳಿಕಾಳು, ವಡೆ, ಎಲ್ಲದರ ಮೇಲೆ ಅಣಬೆ. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿಯಾಯಿತೆಂದು ನಂಬಿಕೆ. ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಕಾಗೆ ಕತ್ತು ಓರೆ ಮಾಡಿ ನೋಡಿತು, ಇಳಿಯಲಿಲ್ಲ. ಅರ್ಧ ಗಂಟೆಯಾಯಿತು. ಹಸಿದ ನೆಂಟರು ಕಾಗೆಗಿಂತ ಹೆಚ್ಚು ಗದ್ದಲ ಮಾಡತೊಡಗಿದರು.

ಜಗನ್ನಾಥ ಕೈಮುಗಿದ. "ನಿನ್ ಅಣಬೆ ನಾನು ನೋಡ್ಕೋತೀನಿ ಕಣೋ. ಒಂದು ಚೀಲಾನೂ ಒಣಗೋಕೆ ಬಿಡಲ್ಲ."

ಕಾಗೆ ಎರಡು ಹೆಜ್ಜೆ ಹಿಂದೆ ಸರಿಯಿತು.

ಕೊನೆಗೆ ಅಂಜಿನಯ್ಯನ ಹೆಂಡತಿ ಹನುಮಕ್ಕ ಮೆಲ್ಲಗೆ ಹೇಳಿದಳು: "ಅಣ್ಣಾ, ಬೇಜಾರು ಮಾಡ್ಕೋಬೇಡಿ, ಆ ಸಾರು ತೆಗೀರಿ. ಅವ್ರು ಅಣಬೆ ಬಾಯಿಗೇ ಇಡ್ತಿರ್ಲಿಲ್ಲ, ವಾಕರಿಕೆ ಬರೋದು. ಮೊದಲನೇ ಸಲ ನೀವು ಎರಡೆರಡು ಸಲ ಬಡಿಸ್ಕೊಂಡ್ರಂತಲ್ಲ? 'ಜಗ್ಗಂಗೆ ಅಣಬೆ ಅಂದ್ರೆ ಪ್ರಾಣ' ಅಂತ ಇಷ್ಟು ವರ್ಷ ಬೆಳೆದ್ರು."

ಬೇರೆ ಎಲೆ ಹಾಕಿ, ಅಣಬೆಯಿಲ್ಲದೆ ಬಡಿಸಿದರು. ಕಾಗೆ ಇಳಿದು ವಡೆ ಕಚ್ಚಿಕೊಂಡು ಹಾರಿತು.

ಮನೆ ಸೇರಿದವನೇ ಜಗನ್ನಾಥ ಬಚ್ಚಲಿಗೆ ಹೋಗಿ ಚೀಲಗಳಿಗೆ ನೀರು ಚಿಮುಕಿಸಿದ. ಆ ಮೊದಲ ದಿನ ಎರಡನೇ ಸಲ ಬಡಿಸಿಕೊಂಡದ್ದು ಗೆಳೆಯನ ಮುಖ ನೋಡಿ, ಅಂದಿನಿಂದ ಪ್ರತಿ ಭಾನುವಾರ ಕಣ್ಣುಮುಚ್ಚಿ ಮಜ್ಜಿಗೆಯ ಜೊತೆ ನುಂಗುತ್ತಿದ್ದ ಎಂಬುದು ರಾಮಕ್ಕನೊಬ್ಬಳಿಗೇ ಗೊತ್ತಿತ್ತು.

"ಈಗಲಾದ್ರೂ ಚೀಲ ಎಸೀತೀರಾ?"

"ಕಾಗೆ ಮುಂದೆ ಮಾತು ಕೊಟ್ಟಿದೀನಲ್ಲೇ."

ಭಾನುವಾರ ಅವಳು ಅಣಬೆ ಬಡಿಸಿದಳು. ಅವನು ಕಣ್ಣುಮುಚ್ಚಿ ನುಂಗಿದ.

"ಇನ್ನೊಂಚೂರು ಹಾಕ್ಲಾ?"

ಅಭ್ಯಾಸಬಲದಿಂದ ತಟ್ಟೆ ಚಾಚಿದ. ನೋಡಿ ಖುಷಿಪಡುವವನು ಎದುರಿಗಿರಲಿಲ್ಲ.