ಬರಗಾಲದಲ್ಲಿ ಕಂಪ್ಯೂಟರಿಗೊಂದು ಪಂಪು

ನಮ್ಮ ಬೀದರ ಕಡೆಗೆ ಮಳೆ ತಪ್ಪಬಹುದು, ಫಜೀತಿ ತಪ್ಪುವುದಿಲ್ಲ. ಅದರಲ್ಲೂ ನನ್ನಂಥ ಗದ್ದಲಗಾರನ ಮನೆಯ ದಾರಿ ಅದಕ್ಕೆ ಬಾಯಿಪಾಠ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಕಂಪ್ಯೂಟರು, ಕಾನೂನು ಎರಡನ್ನೂ ನಾನೇ ತಡಕಾಡಿ ಕಲಿತೆ. ಹೊಟ್ಟೆಪಾಡಿಗೆ ಮದುವೆಯ ವಿಡಿಯೋ ಜೋಡಿಸುತ್ತೇನೆ, ಉಳಿದ ಹೊತ್ತು ಕಚೇರಿಗಳ ಮುಂದೆ ಕೂಗುತ್ತೇನೆ. ಆ ವರ್ಷ ಭಾಲ್ಕಿ ತಾಲೂಕಿನ ಒಂದು ಊರಿನಲ್ಲಿ ನಳಗಳು ಒಣಗಿ, ಅರ್ಧ ಊರು ಮನೆಗೆ ಬೀಗ ಜಡಿದು ಪುಣೆಗೆ ದುಡಿಯಲು ಹೋಗಿತ್ತು. ಬರ ಅರ್ಧ ಆಕಾಶದಿಂದ ಬರುತ್ತದೆ, ಇನ್ನರ್ಧ ಕಚೇರಿಯಿಂದ. ನೀರಿನ ಉಸ್ತುವಾರಿಯ ಸಾಹೇಬರು, "ನೀರು ಬರ್ತಾ ಇದೆ, ಬೀಗ ಹಾಕಿದವರು ಮದುವೆಗೆ ಹೋಗಿದ್ದಾರೆ" ಅಂದುಬಿಟ್ಟರು. ಅರ್ಧ ಊರನ್ನು ತಿಂಗಳುಗಟ್ಟಲೆ ಕೂರಿಸಿಕೊಂಡು ಉಣಿಸುವ ಮದುವೆ ಯಾವುದೆಂದು ಮದುವೆ ವಿಡಿಯೋ ಮಾಡುವ ನನಗೂ ಗೊತ್ತಿರಲಿಲ್ಲ.

ಒಣ ನಳ, ಬೀಗ, ಖಾಲಿ ಕೊಡ ಎಲ್ಲವನ್ನೂ ವಿಡಿಯೋ ಮಾಡಿಕೊಂಡು ಬಂದೆ. ಭಾಲ್ಕಿಯಲ್ಲಿ ಸಾಹೇಬರು ನಡೆಸುವ ನೀರಿನ ಸಭೆಯಲ್ಲಿ ಅದನ್ನು ತೋರಿಸಿದರೆ ಊರಿಗೆ ಟ್ಯಾಂಕರು, ಇಲ್ಲದಿದ್ದರೆ ಉಳಿದ ಅರ್ಧ ಊರೂ ಪುಣೆಗೆ. ಆದರೆ ನನ್ನ ಕಂಪ್ಯೂಟರು ತಗಡಿನ ಸೂರಿನ ಕೆಳಗೆ ಕಾದು ಕಾದು, ವಿಡಿಯೋ ಜೋಡಿಸಿ ಮುಗಿಯುವ ಮೊದಲೇ ಕಣ್ಣು ಮುಚ್ಚುತ್ತಿತ್ತು. ಒಳಗೆ ಪೈಪಿನಲ್ಲಿ ನೀರು ತಿರುಗಿಸಿ ತಣ್ಣಗಿಡುವುದೊಂದೇ ದಾರಿ. ಪೈಪು, ಕಾದ ನೀರು ಆರುವ ಜಾಲರಿ, ನೀರಿನ ಡಬ್ಬಿ ಸಿಕ್ಕವು. ಪಂಪು ಯಾವುದು ತರಬೇಕೆಂಬುದೇ ತಿಳಿಯಲಿಲ್ಲ.

೧. ಎಲ್ಲಿಗೂ ಹೋಗದ ನೀರು

ಮದುವೆಯೊಂದರ ಕೆಲಸಕ್ಕೆ ಔರಾದಿಗೆ ಹೋದಾಗ ಅಲ್ಲಿನ ಪಂಪಿನ ಅಂಗಡಿಗೆ ನುಗ್ಗಿದೆ. ಅಂಗಡಿಯ ಸೇಟು ರೈತರಿಗೆ ಬೋರಿನ ಮೋಟರು ಮಾರಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಕಂಪ್ಯೂಟರಿಗೆ ಸಣ್ಣ ಪಂಪು ಬೇಕು ಅಂದೆ. ಅವರು ಬೆಚ್ಚಲಿಲ್ಲ.

"ನೀರು ಎಲ್ಲಿಂದ ಎತ್ತಬೇಕ್ರಿ?"

"ಡಬ್ಬಿಯಿಂದ್ರಿ."

"ಎಲ್ಲಿಗೆ ಒಯ್ಯಬೇಕು?"

"ಅದೇ ಡಬ್ಬಿಗಿ."

ಸೇಟು ಚಷ್ಮಾ ತೆಗೆದು ನನ್ನನ್ನು ನೋಡಿದರು. "ಹೊಂಟಲ್ಲಿಗೇ ವಾಪಸ್ ಬರೂದಿದ್ರ ಆ ನೀರಿಗಿ ತ್ರಾಸ್ ಯಾಕ ಕೊಡ್ತೀರಿ? ಅಲ್ಲೇ ಕುಂದರ್ಲಿ ಬಿಡ್ರಿ."

೨. ಸರ್ವಾನುಮತದ ಪಂಪು

ಸೇಟು ಕೊನೆಗೆ ಕೂಲರಿನ ಪಂಪೊಂದನ್ನು ಕೊಟ್ಟು ಕಳಿಸಿದರು. ಅದು ನೀರನ್ನು ಮೇಲಕ್ಕೇನೋ ಎತ್ತಿತು. ಆದರೆ ಕಂಪ್ಯೂಟರಿನೊಳಗೆ ನೀರು ಕೂದಲೆಳೆಯಂಥ ಸಂದಿಯಲ್ಲಿ ಹಾಯಬೇಕು. ಅಲ್ಲಿ ಅದರ ದಮ್ಮು ನಿಂತಿತು.

ಹೈದರಾಬಾದಿನ ಕಂಪ್ಯೂಟರ್ ಅಂಗಡಿಯವನಿಗೆ ಫೋನು ಹಚ್ಚಿದೆ. ಅವನ ಹತ್ತಿರ ಎರಡು ನಮೂನೆ ಇದ್ದವು. ಒಂದು ಸಂದಿಗೊಂದಿಯಲ್ಲೂ ಜೋರಾಗಿ ನೂಕುತ್ತದೆ, ಆದರೆ ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ. ಇನ್ನೊಂದು ಅಷ್ಟು ನೂಕುವುದಿಲ್ಲ, ಆದರೆ ನೀರು ಹೆಚ್ಚು ಹರಿಸುತ್ತದೆ, ಸಪ್ಪಳವೇ ಇಲ್ಲ. "ನಿಮ್ಮ ಕೆಲಸಕ್ಕೆ ಎರಡೂ ಸಾಕು. ಸಪ್ಪಳ ಇಲ್ಲದ್ದೇ ಒಯ್ಯಿರಿ" ಅಂದ.

ನಮ್ಮ ಹೋರಾಟ ಸಮಿತಿಯಲ್ಲಿ ಸಭೆ ಕರೆಯದೆ ಚಹಾ ಕೂಡ ತರಿಸುವ ರೂಢಿ ಇಲ್ಲ. ಪಂಪಿಗೂ ಸಭೆ ಕರೆದೆವು. ಬೀದರದಲ್ಲಿ ಮೋಟರ್ ವೈಂಡಿಂಗ್ ಮಾಡುವ ಚಾಚಾ ನಮ್ಮ ಹಿರಿಯ ಸದಸ್ಯರು. ಎದ್ದು ನಿಂತರು.

"ಸಪ್ಪಳ ಮಾಡ್ದೆ ಈ ಜಿಲ್ಲಾದಾಗ ಯಾರ ಕೆಲಸ ಆಗ್ಯದ್ರಿ? ಸುಮ್ನ ಕುಂತಿದ್ದು ಕೆಲಸ ಮಾಡ್ಲಿಕತ್ತದೋ, ಮಲಕೊಂಡದೋ, ಹ್ಯಾಂಗ ಗೊತ್ತಾಗಬೇಕು?"

ಎಲ್ಲರೂ ಮುಷ್ಟಿ ಎತ್ತಿದರು. ಗದ್ದಲದ ಪಂಪೇ ಬೇಕೆಂದು ಠರಾವಾಯಿತು. ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಒಂದ ಮಾತು ಹೇಳ್ತೇನಿ. ಗುಂಯ್ ಅಂತ ಹಗಲೆಲ್ಲಾ ಒದರೂದು ಈ ಮನ್ಯಾಗ ಒಂದು ಮೊದ್ಲೇ ಅದ. ಆದ್ರ ಅದರಿಂದ ಇನ್ನೂತನ ಏನೂ ತಣ್ಣಗಾಗಿಲ್ಲ."

೩. ಒಣ ಪರೀಕ್ಷೆ

ಪಂಪು ಹೈದರಾಬಾದಿನ ಬಸ್ಸಿನಲ್ಲಿ ಬಂತು. ಮೋಟರಿನ ಸಾಮಾನು ಚಾಚಾರ ಕೈ ಹಾಯದೆ ಮುಂದೆ ಹೋಗುವಂತಿಲ್ಲ. ಅವರು ಆಟೋದ ಬ್ಯಾಟರಿಗೆ ಅದರ ವೈರು ಕೊಟ್ಟು, ಕಿವಿಗೆ ಹಿಡಿದುಕೊಂಡರು.

"ಚಾಚಾ, ನೀರಿಲ್ಲದೆ ಓಡಿಸಬಾರದಂತ್ರಿ. ನೀರೇ ಅದರ ಎಣ್ಣಿ."

"ಅರೆ ಭಾಯಿ, ಕುಡಿಲಿಕ್ಕೇ ನೀರಿಲ್ಲ. ಇಂಥಾ ವರ್ಷದಾಗ ಟೆಸ್ಟಿಂಗಿಗಿ ನೀರು ಸುರಿದ್ರ ಮೇಲಿನಾಂವ ಮಾಫ್ ಮಾಡ್ತಾನೇನು?"

ತಪ್ಪು ಅನ್ನುವ ಹಾಗಿರಲಿಲ್ಲ. ಆ ವರ್ಷ ಬೀದರದಲ್ಲಿ ಎಲ್ಲ ಮೋಟರುಗಳ ಪರೀಕ್ಷೆಯೂ ಒಣ ಪರೀಕ್ಷೆಯೇ. ಪಂಪು ಗುಂಯ್ ಅಂದಿತು, ಕಿರ್ರ್ ಅಂದಿತು, ಸುಟ್ಟ ವಾಸನೆ ಬಿಟ್ಟು ತೆಪ್ಪಗಾಯಿತು. ಚಾಚಾ ಅದನ್ನು ಹೊರಳಿಸಿ ಮರಳಿಸಿ ನೋಡಿ ನನ್ನ ಕೈಗಿಟ್ಟರು.

"ನಮ್ಮ ಮಂದಿ ನೀರಿಲ್ಲದೆ ಇಡೀ ಬ್ಯಾಸಿಗಿ ತಗದಾರ. ಇದು ಒಂದ ಗಳಿಗಿ ತಡೀಲಿಲ್ಲ. ಹೊರಗಿನ ಮಾಲು ಹಿಂಗೇ ನೋಡು."

ಠರಾವು ಬದಲಾಗಲಿಲ್ಲ. ಅದೇ ನಮೂನೆಯ ಇನ್ನೊಂದನ್ನು ತರಿಸಿದೆವು.

೪. ವರ್ಷಕ್ಕೊಮ್ಮೆ

ಈ ಸಲ ಚಾಚಾರನ್ನು ಕರೆಯದೆ, ಬ್ಯಾಟರಿಗೆ ಹಾಕುವ ನೀರು ತಂದು ಮೊದಲು ತುಂಬಿಸಿ ಆಮೇಲೆ ಚಾಲೂ ಮಾಡಿದೆ. ಕಂಪ್ಯೂಟರಿನ ಒಂದು ಗೋಡೆ ಗಾಜಿನದು, ಒಳಗೆ ನೀಲಿ ದೀಪ. ಪೈಪಿನಲ್ಲಿ ನೀರು ಓಡುವುದು ಚಂದ ಕಾಣುತ್ತಿತ್ತು.

ಹೆಂಡತಿ ಕೇಳಿದಳು, "ಈ ನೀರು ಮತ್ತ ಯಾವಾಗ ತುಂಬಬೇಕ್ರಿ?"

"ವರ್ಷಕ್ಕ ಒಮ್ಮೆ."

"ಹಂಗಾದ್ರ ನಮ್ಮ ಓಣಿ ನಳಕ್ಕ ಯಾಕ ಬೈತೀರಿ? ಅದರ ಹಿಸಾಬೂ ಅದೇ ಅದ."

೫. ಸಾಹೇಬರ ನೀರು

ವಿಡಿಯೋ ಪೂರ್ತಿಯಾಯಿತು. ಹಿಂದೊಮ್ಮೆ ಬೇರೊಂದು ವಿಡಿಯೋ ಪೆನ್‌ಡ್ರೈವಿನಲ್ಲಿ ಒಯ್ದಾಗ "ನಮ್ಮ ಕಂಪ್ಯೂಟರಿನಲ್ಲಿ ಇದು ತೆರೆಯೋದಿಲ್ಲ" ಎಂದು ಸಾಗಹಾಕಿದ್ದರು. ಹಾಗಾಗಿ ಈ ಸಲ ಕಂಪ್ಯೂಟರನ್ನೇ ಜೀಪಿನಲ್ಲಿ ಹೇರಿಕೊಂಡು, ಚಾಚಾರನ್ನೂ ಕರೆದುಕೊಂಡು ಭಾಲ್ಕಿಯ ಸಭೆಗೆ ಹೋದೆ. ಆ ಒಣ ಊರಿನಿಂದ ಬಂದ ಒಬ್ಬ ಮುದಿ ಆಯಿ ಖಾಲಿ ಕೊಡ ಸಮೇತ ಮುಂದಿನ ಸಾಲಿನಲ್ಲಿ ಕುಂತಿದ್ದಳು.

ದೀಪ ಆರಿಸಿದರು. ಪರದೆಯ ಮೇಲೆ ಒಣ ನಳ, ಬೀಗ, ಮತ್ತೆ ಒಣ ನಳ. ಸಾಹೇಬರು ಮೊದಲ ನಳಕ್ಕೇ ತೂಕಡಿಸಿದರು, ಎರಡನೆಯ ಬೀಗಕ್ಕೆ ಗಾಢ ನಿದ್ದೆ. ಅಷ್ಟರಲ್ಲಿ ಕಂಪ್ಯೂಟರು ಕಾದು, ಪಂಪು ವೇಗ ಹೆಚ್ಚಿಸಿಕೊಂಡು ಗುಂಯ್ ಎಂದು ಒದರತೊಡಗಿತು. ಸಾಹೇಬರು ಬೆಚ್ಚಿ ಎದ್ದರು. ದೀಪ ಹಾಕಿಸಿ, ಗಾಜಿನೊಳಗೆ ಬಗ್ಗಿ ನೋಡಿದರು. ಅವರ ಮುಖ ಅರಳಿತು.

"ಏನ್ರೀ ಹೋರಾಟಗಾರರೇ, ಜನಕ್ಕೆ ನೀರಿಲ್ಲ ಅಂತೀರಿ, ಕಂಪ್ಯೂಟರಿಗೆ ಮಾತ್ರ ಹರಿಯೋ ನೀರು ಇಟ್ಟಿದ್ದೀರಲ್ಲ?"

ಸಭೆ ನಕ್ಕಿತು. ಮೈಕಿಲ್ಲದೆ ಬೀದಿ ನಡುಗಿಸುವ ನನ್ನ ಕೂಗು ಯಾರಿಗೂ ಕೇಳಿಸಲಿಲ್ಲ. ಊರಿನ ಟ್ಯಾಂಕರು ಆ ನಗೆಯಲ್ಲೇ ಕೊಚ್ಚಿಹೋಗುವುದಿತ್ತು. ಅಷ್ಟರಲ್ಲಿ ಆಯಿ ಕೊಡ ಕೆಳಗಿಟ್ಟು, ಎದ್ದು ಬಂದು ಗಾಜಿಗೆ ಮೂಗು ಹಚ್ಚಿದಳು.

"ಇದು ಎಲ್ಲಿಂದ ಬರ್ತದೋ ತಮ್ಮಾ?"

"ಡಬ್ಬಿಯಿಂದ, ಆಯಿ."

"ಎಲ್ಲಿಗಿ ಹೋಗ್ತದ?"

"ಅದೇ ಡಬ್ಬಿಗಿ."

"ಯಾರರೆ ಕುಡೀತಾರೇನು?"

"ಇಲ್ಲ."

ಆಯಿ ಸಾಹೇಬರ ಕಡೆ ತಿರುಗಿದಳು. "ಇದು ಇಂವನ ನೀರಲ್ರಿ ಸಾಹೇಬ್ರ, ನಿಮ್ಮ ನೀರು. ಗದ್ದಲ ಭಾಳ ಅದ, ಪೈಪಿನ್ಯಾಗ ಛಂದ ತಿರಗತದ, ನಮ್ಮ ಕೊಡಕ್ಕ ಮಾತ್ರ ಹನಿ ಬೀಳಂಗಿಲ್ಲ."

ಈಗ ಸಾಹೇಬರ ಜವಾನನೂ ನಕ್ಕ. ಜವಾನ ನಕ್ಕ ಮೇಲೆ ಸಾಹೇಬರಿಗೆ ದಾರಿ ಉಳಿಯಲಿಲ್ಲ. ಟ್ಯಾಂಕರಿನ ಆದೇಶ ಅಲ್ಲೇ ಹೊರಟಿತು, ಮರುದಿನ ಊರಿಗೆ ನೀರೂ ಬಂತು.

ವಾಪಸ್ ಬರುವಾಗ ಜೀಪಿನಲ್ಲಿ ಚಾಚಾ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಕುಂತಿದ್ದರು. ನಾನು ಆಯಿಯನ್ನು ಹೊಗಳುತ್ತಲೇ ಇದ್ದೆ. ಅವರಿಗೆ ಸಹಿಸಲಾಗಲಿಲ್ಲ.

"ಆಯಿ ಮಾತಾಡಿದ್ದು ಖರೆ ಅದ ಭಾಯಿ. ಆದ್ರ ಸಪ್ಪಳ ಇಲ್ಲದ ಪಂಪ್ ತಂದಿದ್ರ ಸಾಹೇಬ್ರು ಏಳ್ತಿದ್ರೇನು?"