ಅರ್ಥಿಂಗ್ ಕುಣಿಗೆ ದಿನಕ್ಕೊಂದು ಕೊಡ

ಒಂದು ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಕಾಗವಾಡದಿಂದ ಅಷ್ಟೇನೂ ದೂರವಿಲ್ಲದ ಕೃಷ್ಣೆಯ ದಂಡೆಯ ಪಟ್ಟಣವೊಂದರಲ್ಲಿ, ನೀರಿಗೆ ಕರೆಂಟು ಬೇಕು ಮತ್ತು ಕರೆಂಟಿಗೆ ನೀರು ಬೇಕು ಎಂಬ ಸಂಗತಿಯು ಸರಕಾರದ ಗಮನಕ್ಕೆ ಬಂದಿತು.

ತಂದವನು ಜಕ್ಕಪ್ಪ. ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ಊರಿಗೆ ನೀರು ಬಿಡುತ್ತಿದ್ದ ಅವನಿಗೆ ಇದ್ದದ್ದು ಒಂದೇ ಆಸೆ, ಕಾಯಂ ಆಗುವುದು. ಆದರೆ ಬೇಸಿಗೆ ಬಂತೆಂದರೆ ಹೊಳೆಯ ಮೋಟಾರಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿನ ಅರ್ಥಿಂಗ್ ಕುಣಿ, ಅಂದರೆ ಅದರ ತಂತಿಯನ್ನು ಹಸಿ ನೆಲಕ್ಕೆ ಇಳಿಸಿದ ಗುಂಡಿ, ಒಣಗುತ್ತಿತ್ತು. ಕುಣಿ ಒಣಗಿದರೆ ಕರೆಂಟು ನಿಲ್ಲುತ್ತಿತ್ತು. ಕರೆಂಟು ನಿಂತರೆ ನೀರಿಲ್ಲ, ನೀರಿಲ್ಲದಿದ್ದರೆ ಜಕ್ಕಪ್ಪನಿಗೆ ಹಾಜರಿ ಇಲ್ಲ.

ಕುಣಿಗೆ ದಿನಕ್ಕೊಂದು ಕೊಡ ನೀರು ಹಾಕಿದರೆ ಸಾಕಿತ್ತು. ಆದರೆ ನಳದ ನೀರು ಪಂಚಾಯಿತಿಯದು, ಕುಣಿ ವಿದ್ಯುತ್ತಿನವರದು. ಹೊಳೆಯೇನೋ ಇಪ್ಪತ್ತೇ ಹೆಜ್ಜೆ ದೂರದಲ್ಲಿತ್ತು, ಅದು ಮೂರನೆಯ ಇಲಾಖೆಗೆ ಸೇರಿತ್ತು. ಆದ್ದರಿಂದ ಎಲ್ಲರನ್ನೂ ಒಂದುಗೂಡಿಸಲು ‘ಸಮಗ್ರ ಜಲ-ವಿದ್ಯುತ್ ಸಮನ್ವಯ ಪಟ್ಟಣ ಯೋಜನೆ’ ಮಂಜೂರಾಯಿತು. ನಾಲ್ಕು ಸಭೆ ನಡೆದವು, ಗೋಡಂಬಿ ಸಾಕಷ್ಟು ಖರ್ಚಾಯಿತು.

ಐದನೆಯ ಸಭೆಯಲ್ಲಿ ವಿದ್ಯುತ್ತಿನ ಸಾಹೇಬ ಶಾಂತಿನಾಥರು ದಾರಿ ಕಂಡುಹಿಡಿದರು. ಹೊಳೆಯ ನೀರು ಒಮ್ಮೆ ಮನೆಯ ಹೊಸ್ತಿಲು ದಾಟಿದರೆ ಖಾಸಗಿ ನೀರಾಗುತ್ತದೆ. ಖಾಸಗಿಯವರು ಸ್ವಂತ ಇಚ್ಛೆಯಿಂದ ಕುಣಿಗೆ ಸುರಿದರೆ ಯಾವ ಇಲಾಖೆಯೂ ಬೇಡವೆನ್ನಲಾಗದು. ಅದರಂತೆ ಜಕ್ಕಪ್ಪನ ಹೆಂಡತಿ ಸಕ್ಕುಬಾಯಿ ಹೊಳೆಯಿಂದ ನೀರು ಹೊತ್ತು ಅರ್ಧ ಮೈಲಿ ದೂರದ ಮನೆಗೆ ಹೋಗಿ, ಹೊಸ್ತಿಲು ದಾಟಿಸಿ, ಅದೇ ಕೊಡವನ್ನು ಹೊತ್ತು ಹೊಳೆಯ ದಂಡೆಗೆ ಮರಳತೊಡಗಿದಳು. ನಾವೇನು ಕುಡಿಯುವುದೆಂದು ಅವಳು ಮೊದಲ ದಿನವೇ ಕೇಳಿದ್ದಳು.

“ಪೈಲೆ ಕುಣಿ ಕುಡೀಲಿ,” ಎಂದಿದ್ದ ಜಕ್ಕಪ್ಪ. “ನಾ ಕಾಯಂ ಆದ ಮ್ಯಾಲ ನಾವ್ ಕುಡ್ಯೂಣು.”

ಊರಿಗೆ ನೀರು ಬಂತು. ಜಕ್ಕಪ್ಪ ‘ಸಮನ್ವಯ ಸಹಾಯಕ’ನೆಂದು ಕಾಯಂ ಆದ. ಆದೇಶ ಕೈಗೆ ಬಂದ ದಿನ ಅವನು ಕಣ್ಣೀರು ಹಾಕಿದ್ದು ನಿಜ. ಕೊನೆಯ ಸಾಲನ್ನು ಮಾತ್ರ ಓದಿರಲಿಲ್ಲ: ‘ಸದರಿ ಹುದ್ದೆಯು ಕುಣಿಯು ತಾನಾಗಿ ನೆನೆಯುವವರೆಗೆ ಮಾತ್ರ ಕಾಯಂ ಆಗಿರತಕ್ಕದ್ದು.’

ಜೂನ್ ಏಳಕ್ಕೆ ಯಾರ ಅನುಮತಿಯೂ ಇಲ್ಲದೆ ಮಳೆ ಬಂತು. ಎಂಟಕ್ಕೆ ನೋಟೀಸು ಬಂತು. ಕೊಡದ ನೆರವಿಲ್ಲದೆ ಕುಣಿ ನೆನೆದಿರುವುದು ಕಂಡುಬಂದಿದ್ದು, ಹುದ್ದೆಯ ಅಗತ್ಯವನ್ನು ಮೂರು ದಿನದೊಳಗೆ ಸ್ಥಳದಲ್ಲೇ ರುಜುವಾತು ಪಡಿಸುವುದು.

ಹನ್ನೊಂದು ವರ್ಷ ಕಾದು ಪಡೆದದ್ದು ಒಂದು ಮಳೆಗೆ ಕೊಚ್ಚಿಹೋಗುವುದನ್ನು ನೋಡುತ್ತ ಕೂರುವ ಗಂಡಸು ಜಕ್ಕಪ್ಪನಲ್ಲ. ಕುಣಿಯ ಹಸಿ ಮಣ್ಣನ್ನು ತೆಗೆದು, ಒಲೆಯ ಬೂದಿ ತುಂಬಿ, ಮೇಲೆ ಛತ್ರಿ ಹಿಡಿದು ನಿಂತ. ತಾನು ಪೂರ್ತಿ ನೆನೆದ, ಕುಣಿಗೆ ಹನಿ ತಾಗಗೊಡಲಿಲ್ಲ. ಕರೆಂಟು ಹೋಯಿತು, ಊರಿನ ನಳಗಳೂ ನಿಂತವು. ಊರವರು ಬಂದು ನೋಡಿದರು. ಬಡವನ ನೌಕರಿ ಉಳಿಯಲೆಂದು ಇನ್ನೆರಡು ಛತ್ರಿ ಕೊಟ್ಟು, ಖಾಲಿ ಕೊಡಗಳೊಂದಿಗೆ ಮನೆಗೆ ಮರಳಿದರು.

ಮೂರನೆಯ ದಿನ ಧೋ ಎಂದು ಸುರಿಯುವ ಮಳೆಯಲ್ಲಿ ಶಾಂತಿನಾಥರು ಜೀಪಿನಿಂದ ಇಳಿದರು. ಕುಣಿಯೊಳಗೆ ಬೆರಳಿಟ್ಟು ನೋಡಿ, ಒಣಗಿದೆ, ಹುದ್ದೆ ಅತ್ಯವಶ್ಯ ಎಂದು ಬರೆದುಕೊಂಡರು. ಜಕ್ಕಪ್ಪನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ, ತಪಾಸಣೆ ಮುಗಿದ ಮೇಲೆ ಕುಣಿಗೆ ಸುರಿಯಲೆಂದು, ಸಕ್ಕುಬಾಯಿ ತೊಯ್ದು ತೊಪ್ಪೆಯಾಗಿ ಕೊಡ ಹೊತ್ತು ಬಂದಳು. ಅವಳು ಸುಳ್ಳು ಹೇಳುವ ಹೆಂಗಸಲ್ಲ.

“ಸಾಹೇಬ್ರ, ಬರೂ ದಾರ್‍ಯಾಗ ಇದರಾಗ ಮಳಿ ನೀರ ಬಿದ್ದಾವ್ರಿ. ನಡೀತೈತೇನ್ರಿ?”

ಸಾಹೇಬರು ಕೊಡದೊಳಗೆ ಇಣುಕಿದರು. ಯಾವುದು ಖಾಸಗಿ, ಯಾವುದು ಮಳೆಯದು ಎಂದು ಬೇರೆ ಮಾಡಲು ಬಹಳ ಹೊತ್ತು ಪ್ರಯತ್ನಿಸಿದರು.

“ನಡ್ಯಾಂಗಿಲ್ಲವ್ವಾ,” ಎಂದರು ಕೊನೆಗೆ. “ಇದನ್ನ ಚೆಲ್ಲಿ ಬ್ಯಾರೆ ತಗೊಂಡ್ ಬಾ. ಬರೂಮುಂದ ಮ್ಯಾಲೊಂದು ಗಂಗಾಳ ಮುಚ್ಚಕೊಂಡ್ ಬಾ.”

ನ್ಯಾಯವಾದ ಮಾತೆಂದು ಜಕ್ಕಪ್ಪ ತಲೆಯಾಡಿಸಿದ. ಸಕ್ಕುಬಾಯಿ ಕೊಡದ ನೀರನ್ನು ಕುಣಿಗೆ ತಾಗದಂತೆ ದೂರದಲ್ಲಿ ಚೆಲ್ಲಿ, ಹೊಳೆಯ ಕಡೆ ನಡೆದಳು.